ಹಿಮದ ಒಳಪದರ

(ಬಾನುಲಿ ಭಾಷಣ)



ಗುಂಡ್ಲುಪೇಟೆಯ ಸಮೀಪದ ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಹಿರಿಯರು ‘ಹಿಮವದ್’ ಎಂಬ ವಿಶೇಷಣವನ್ನು ಸೇರಿಸಿ ಕರೆದಿದ್ದಾರೆ. ಆ ಬೆಟ್ಟದ ಎತ್ತರ ಸುಮಾರು 1450 ಮೀಟರು. ಅಲ್ಲಿ ಹಿಮ ಬೀಳುವುದಿಲ್ಲ. ಬೆಳಗಿನ ಹೊತ್ತು ದೇವಾಲಯವನ್ನು ಮುಸುಕುವುದು ಬರಿಯ ಮಂಜು. ಆ ಮಂಜನ್ನೇ ಹಿಮವೆಂದು ಕರೆದು ಸಂತೋಷಪಟ್ಟ ನಾಡು ನಮ್ಮದು. ಮಂಜು, ಇಬ್ಬನಿ, ಕಾವಳ, ಆಲಿಕಲ್ಲು ಇವುಗಳನ್ನೆಲ್ಲ ಬೇರೆಬೇರೆಯಾಗಿ ಗುರುತಿಸಬಲ್ಲ ಕನ್ನಡವು, ಆಕಾಶದಿಂದ ಅರಳೆಯಂತೆ ಇಳಿದು ನೆಲದ ಮೇಲೆ ತಿಂಗಳುಗಟ್ಟಲೆ ನಿಲ್ಲುವ ವಸ್ತುವಿನ ಮಾತು ಬಂದಾಗ ಸಂಸ್ಕೃತದ ‘ಹಿಮ’ವನ್ನೇ ಆಶ್ರಯಿಸಬೇಕಾಗುತ್ತದೆ. ಇದೇನೂ ನಾಚಿಕೆಯ ಸಂಗತಿಯಲ್ಲ. ಕಣ್ಣಿಗೆ ಬೀಳದ ವಸ್ತುವಿಗೆ ಹೆಸರಿಡುವ ಗೋಜಿಗೆ ಯಾವ ಭಾಷೆಯೂ ಹೋಗುವುದಿಲ್ಲ.

ಆದರೆ ಪದದ ಬಡತನವು ಕೆಲವೊಮ್ಮೆ ತಿಳಿವಳಿಕೆಯ ಬಡತನವೂ ಆಗಿಬಿಡುತ್ತದೆ. ‘ಹಿಮಪಾತ’ ಎಂಬ ಮಾತನ್ನು ತೆಗೆದುಕೊಳ್ಳಿ. ಆಕಾಶದಿಂದ ಹಿಮ ಉದುರಿದರೂ ಹಿಮಪಾತ. ಬೆಟ್ಟದ ಇಳಿಜಾರಿನಲ್ಲಿ ಕೂಡಿದ್ದ ಹಿಮರಾಶಿ ಒಮ್ಮೆಲೇ ಜಾರಿ ಕೆಳಗಿದ್ದವರನ್ನು ಹೂತರೂ ಹಿಮಪಾತ. ಒಂದು ಮೌನವಾಗಿ ನಡೆಯುವ ಸೃಷ್ಟಿ, ಇನ್ನೊಂದು ಕ್ಷಣಮಾತ್ರದ ಸಂಹಾರ. ಎರಡನ್ನೂ ಒಂದೇ ಮಾತಿನಿಂದ ಹೇಳಿದಾಗ, ಮೊದಲನೆಯದು ಎರಡನೆಯದಾಗಿ ಮಾರ್ಪಡುವುದು ಹೇಗೆಂಬ ಪ್ರಶ್ನೆಯೇ ನಮ್ಮ ಮನಸ್ಸಿನಲ್ಲಿ ಏಳುವುದಿಲ್ಲ. ಈ ಭಾಷಣದಲ್ಲಿ ನಾನು ಆಕಾಶದಿಂದ ಬೀಳುವುದನ್ನು ಹಿಮಪಾತವೆಂದೂ ಬೆಟ್ಟದಿಂದ ಜಾರುವುದನ್ನು ಹಿಮಕುಸಿತವೆಂದೂ ಕರೆಯುತ್ತೇನೆ. ಇವೆರಡರ ನಡುವೆ ಇರುವ ದಿನಗಳು ಮತ್ತು ವಾರಗಳೇ ಇಂದಿನ ನನ್ನ ವಿಷಯ.

ಕನ್ನಡಿಗನಾದವನಿಗೆ ಇದೆಲ್ಲ ಏತಕ್ಕೆ ಎಂದು ನೀವು ಕೇಳಬಹುದು. 2016ರ ಫೆಬ್ರವರಿಗೆ ಮೊದಲು ನಾನೂ ಹಾಗೆಯೇ ಕೇಳುತ್ತಿದ್ದೆನೇನೊ. ಆ ತಿಂಗಳ 3ನೆಯ ತಾರೀಖು ಸಿಯಾಚಿನ್ ಹಿಮನದಿಯ ಉತ್ತರಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 19,600 ಅಡಿ ಎತ್ತರದಲ್ಲಿದ್ದ ಕಾವಲುನೆಲೆಯೊಂದರ ಮೇಲೆ ಹಿಮಗಲ್ಲಿನ ಗೋಡೆ ಕುಸಿದುಬಿದ್ದು, ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಹತ್ತು ಮಂದಿ ಸೈನಿಕರು ಹೂತುಹೋದರು. ಅವರಲ್ಲಿ ಮೂವರು ನಮ್ಮವರು: ಹಾಸನ ಮತ್ತು ಮೈಸೂರು ಜಿಲ್ಲೆಗಳಿಂದ ಒಬ್ಬೊಬ್ಬರು, ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನಿಂದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಎಲ್ಲರೂ ತೀರಿಕೊಂಡರೆಂದೇ ನಾಡು ನಂಬಿತ್ತು. ಹುಡುಕುತ್ತಿದ್ದ ಸೈನಿಕರು ಹಗಲುರಾತ್ರಿ ಹಿಮಗಲ್ಲನ್ನು ಕೊರೆದರು. ಡಾಟ್, ಮಿಶಾ ಎಂಬ ಹೆಸರಿನ ನಾಯಿಗಳು ವಾಸನೆ ಹಿಡಿದು ಜಾಗ ತೋರಿಸಿದವು. 8ನೆಯ ತಾರೀಖು, ಇಪ್ಪತ್ತೈದು ಅಡಿಗಳಿಗೂ ಆಳದಲ್ಲಿ ಹನುಮಂತಪ್ಪ ಉಸಿರಾಡುತ್ತಿರುವುದು ಕಂಡಿತು. ಮೂರು ದಿನಗಳ ತರುವಾಯ, 11ರಂದು, ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಆ ಉಸಿರು ನಿಂತಿತು.

ಆ ಮೂರು ದಿನ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಪೂಜೆ ಪ್ರಾರ್ಥನೆಗಳು ನಡೆದುದು ನಿಮಗೆ ನೆನಪಿರಬಹುದು. ಜೋಳ, ಹತ್ತಿ ಬೆಳೆಯುವ ಕರಿಮಣ್ಣಿನ ಸೀಮೆಯ ತಾಯಂದಿರು ತಾವೆಂದೂ ಕಾಣದ ವಸ್ತುವಿನ ವಿರುದ್ಧ ದೇವರಿಗೆ ಹರಕೆ ಹೊತ್ತರು. ನಾನೂ ಬಾನುಲಿಯ ಮುಂದೆ ಕುಳಿತಿದ್ದೆ. ಆಗ ನನಗೆ ಅನ್ನಿಸಿದ್ದು ಇದು: ನಮ್ಮ ಮಕ್ಕಳು ಹಿಮದ ಮೇಲೆ ಕಾವಲು ನಿಲ್ಲುತ್ತಾರೆ; ಆ ಹಿಮದ ವಿಷಯವಾಗಿ ನಮಗೆ ತಿಳಿದಿರುವುದು ಕ್ಯಾಲೆಂಡರಿನ ಕೈಲಾಸದ ಚಿತ್ರದಲ್ಲಿ ಕಂಡಷ್ಟು ಮಾತ್ರ.

ನಮ್ಮ ಕಾವ್ಯಪರಂಪರೆ ಹಿಮವನ್ನು ದೂರದಿಂದ ನೋಡಿ ಕೈಮುಗಿದ ಪರಂಪರೆ. ಕಾಳಿದಾಸನು ‘ಕುಮಾರಸಂಭವ’ವನ್ನು ಹಿಮಾಲಯದ ವರ್ಣನೆಯಿಂದ ಆರಂಭಿಸುತ್ತಾನೆ. ಅಲ್ಲಿ ಒಂದು ಕುತೂಹಲದ ಸಂಗತಿಯುಂಟು. ರತ್ನಗಳ ಗಣಿಯಾದ ಪರ್ವತರಾಜನಿಗೆ ಹಿಮವು ಒಂದು ಕುಂದು ಎಂದು ಕವಿ ಒಪ್ಪಿಕೊಂಡು, ಅಷ್ಟೊಂದು ಗುಣಗಳ ನಡುವೆ ಈ ಒಂದು ದೋಷ ಮುಳುಗಿಹೋಗುತ್ತದೆಂದು ಸಮಾಧಾನ ಹೇಳುತ್ತಾನೆ. ತರಗತಿಯಲ್ಲಿ ಈ ಭಾಗವನ್ನು ಪ್ರಸ್ತಾಪಿಸುವಾಗಲೆಲ್ಲ ನಾನು ಅಲಂಕಾರದ ಮಾತನ್ನು ಆಡಿ ಮುಂದೆ ಹೋಗುತ್ತಿದ್ದೆ. ಈಗ ಆ ಶ್ಲೋಕ ನನ್ನನ್ನು ಬೇರೊಂದು ದಿಕ್ಕಿಗೆ ಕೊಂಡೊಯ್ಯುತ್ತದೆ. ಪರ್ವತಕ್ಕೆ ಹಿಮ ದೋಷವೊ ಅಲ್ಲವೊ, ಹಿಮದ ಒಳಗೇ ಒಂದು ದೋಷ ಅಡಗಿರಬಲ್ಲದು. ಮೇಲೆ ಬಿದ್ದ ಗುಣಗಳು ಅದನ್ನು ಮುಳುಗಿಸುವುದಿಲ್ಲ, ಮುಚ್ಚುತ್ತವೆ ಅಷ್ಟೆ. ಮುಳುಗಿದ ದೋಷಕ್ಕೂ ಮುಚ್ಚಿದ ದೋಷಕ್ಕೂ ಅಂತರವಿದೆ.

ಇದನ್ನು ಸ್ವಲ್ಪ ವಿವರಿಸಬೇಕು. ಬೆಟ್ಟದ ಮೇಲಿನ ಹಿಮವೆಂದರೆ ಒಂದೇ ಮುದ್ದೆಯಾದ ಬಿಳಿಯ ರಾಶಿ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ಪದರಪದರವಾಗಿ ಕಟ್ಟಿದ ಹೊದಿಕೆ. ನವೆಂಬರಿನಲ್ಲಿ ಬಿದ್ದದ್ದು ಒಂದು ಪದರ, ಡಿಸೆಂಬರಿನ ಬಿರುಗಾಳಿ ತಂದು ಸುರಿದದ್ದು ಇನ್ನೊಂದು, ನಡುವೆ ಬಿಸಿಲು ಕಾಯಿಸಿ ರಾತ್ರಿಯ ಚಳಿ ಗಟ್ಟಿಮಾಡಿದ ತೆಳ್ಳನೆಯ ಹೊಪ್ಪಳೆ ಮತ್ತೊಂದು. ಚಳಿಗಾಲದ ಪ್ರತಿಯೊಂದು ದಿನವೂ ತನ್ನ ಗುರುತನ್ನು ಬಿಟ್ಟುಹೋಗಿರುತ್ತದೆ. ಇಳಿಜಾರಿನಲ್ಲಿ ನೆಲ ಮುಟ್ಟುವವರೆಗೆ ಗುಂಡಿ ತೋಡಿ ಅದರ ಗೋಡೆಯನ್ನು ನಯಮಾಡಿ ನೋಡಿದರೆ ಆ ಪದರಗಳು ಓಲೆಗರಿಯ ಕಟ್ಟನ್ನು ಪಕ್ಕದಿಂದ ನೋಡಿದಂತೆ ಕಾಣಿಸುತ್ತವೆ. ಹಿಮದ ವಿಜ್ಞಾನಿಗಳು ಮಾಡುವ ಮೊದಲ ಕೆಲಸವೇ ಈ ಗುಂಡಿ ತೋಡುವುದು. ಅವರು ಬೆರಳಿನಿಂದ, ಮುಷ್ಟಿಯಿಂದ, ಸೀಸದಕಡ್ಡಿಯಿಂದ, ಚಾಕುವಿನಿಂದ ಒಂದೊಂದು ಪದರವನ್ನೂ ಚುಚ್ಚಿ ಅದರ ಗಟ್ಟಿತನವನ್ನು ಅಳೆಯುತ್ತಾರೆ. ಹರಳುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತಾರೆ. ಒಂದೊಂದು ಆಳದಲ್ಲಿಯೂ ಉಷ್ಣತೆಯನ್ನು ಗುರುತಿಸಿಕೊಳ್ಳುತ್ತಾರೆ.

ಬಿದ್ದ ಹಿಮ ಬಿದ್ದಂತೆಯೇ ಇರುವುದಿಲ್ಲ. ಹೊಸ ಹಿಮದಲ್ಲಿ ನೂರಕ್ಕೆ ತೊಂಬತ್ತು ಪಾಲು ಗಾಳಿಯೇ. ಆ ಗಾಳಿಯ ಎಡೆಗಳಲ್ಲಿ ನೀರಿನ ಆವಿ ಸಂಚರಿಸುತ್ತಲೇ ಇರುತ್ತದೆ. ದಪ್ಪನೆಯ ಹೊದಿಕೆಯ ಅಡಿಯ ನೆಲ ಬಹುಮಟ್ಟಿಗೆ ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ. ಮೇಲ್ಮೈ ಮಾತ್ರ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿರಬಹುದು. ಹೊದಿಕೆ ಎರಡು ಮೂರು ಮೀಟರು ದಪ್ಪವಾಗಿದ್ದರೆ ಈ ವ್ಯತ್ಯಾಸ ನಿಧಾನವಾಗಿ ಹಂಚಿಹೋಗುತ್ತದೆ. ಆಗ ಹಿಮದ ಕಣಗಳು ತಮ್ಮ ಚೂಪನ್ನು ಕಳೆದುಕೊಂಡು ಉರುಟಾಗುತ್ತವೆ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಹೊದಿಕೆ ಬಲಗೊಳ್ಳುತ್ತದೆ. ಆದರೆ ಹಿಮ ಅರ್ಧ ಮೀಟರು ಮಾತ್ರ ಬಿದ್ದು, ಬಳಿಕ ಮೋಡವಿಲ್ಲದ ಕಡುಚಳಿಯ ರಾತ್ರಿಗಳು ಬಂದವೆನ್ನಿ. ಅಷ್ಟೇ ಅಂತರದಲ್ಲಿ ಇಪ್ಪತ್ತು ಡಿಗ್ರಿಗಳ ವ್ಯತ್ಯಾಸ! ಆವಿ ಕೆಳಗಿನಿಂದ ಮೇಲಕ್ಕೆ ರಭಸದಿಂದ ಹರಿಯುತ್ತದೆ. ಬೆಸುಗೆಗಳು ಕರಗಿ, ಒರಟಾದ, ಬಟ್ಟಲಿನಾಕಾರದ, ಹೊಳೆಯುವ ದೊಡ್ಡ ಹರಳುಗಳು ಬೆಳೆಯುತ್ತವೆ. ಅವು ಕೈಯಲ್ಲಿ ಹಿಡಿದರೆ ಸಕ್ಕರೆಯಂತೆ ಸುರಿದುಹೋಗುತ್ತವೆ. ಉಂಡೆ ಕಟ್ಟಲು ಬರುವುದಿಲ್ಲ.

ಇಲ್ಲಿಯೇ ಸಾಮಾನ್ಯರ ತರ್ಕ ತಲೆಕೆಳಗಾಗುವುದು. ಹಿಮ ಹೆಚ್ಚು ಬಿದ್ದರೆ ಅಪಾಯ ಹೆಚ್ಚು, ಕಡಿಮೆ ಬಿದ್ದರೆ ಅಪಾಯ ಕಡಿಮೆ ಎಂದು ನಮಗೆ ತೋರುತ್ತದೆ. ಒಂದೇ ಬಿರುಗಾಳಿಯ ಲೆಕ್ಕದಲ್ಲಿ ಅದು ನಿಜವಿರಬಹುದು. ಇಡಿಯ ಚಳಿಗಾಲದ ಲೆಕ್ಕದಲ್ಲಿ, ಆರಂಭದಲ್ಲಿ ತೆಳ್ಳಗೆ ಬಿದ್ದು ಚಳಿಗೆ ಒಡ್ಡಿಕೊಂಡ ಹಿಮವೇ ಮುಂದಿನ ತಿಂಗಳುಗಳಿಗೆ ಕೆಟ್ಟ ಅಡಿಪಾಯವಾಗುತ್ತದೆ. ಅಮೆರಿಕದ ಕೊಲೊರಾಡೊ ಸೀಮೆಯ ಒಣ ಚಳಿಯ ಪರ್ವತಗಳು ಇದಕ್ಕೆ ಹೆಸರಾದವು. ಅಲ್ಲಿ ನವೆಂಬರಿನ ದುರ್ಬಲ ಪದರ ಫೆಬ್ರವರಿಯಲ್ಲಿ ಮನುಷ್ಯನನ್ನು ಕೊಲ್ಲುವುದುಂಟು.

ದುರ್ಬಲ ಪದರ ಹುಟ್ಟುವ ಎರಡನೆಯ ಬಗೆ ಇನ್ನೂ ವಿಚಿತ್ರವಾದದ್ದು. ನಮ್ಮ ಮಲೆನಾಡಿನಲ್ಲಿ ಮಾರ್ಗಶಿರ ಪುಷ್ಯದ ರಾತ್ರಿಗಳಲ್ಲಿ ಹುಲ್ಲಿನ ತುದಿಯ ಮೇಲೆ ಇಬ್ಬನಿ ಕೂಡುತ್ತದೆಯಷ್ಟೆ. ಹಿಮಪ್ರದೇಶದಲ್ಲಿ ಗಾಳಿಯಿಲ್ಲದ, ಆಕಾಶ ತಿಳಿಯಾದ ರಾತ್ರಿ ಹಿಮದ ಮೇಲ್ಮೈ ಅತಿಯಾಗಿ ತಣಿದು, ಗಾಳಿಯ ತೇವ ನೇರವಾಗಿ ಹರಳಾಗಿ ಅದರ ಮೇಲೆ ನಿಲ್ಲುತ್ತದೆ. ಬೆಳಗಿನ ಬಿಸಿಲಿನಲ್ಲಿ ಆ ಇಳಿಜಾರು ಗರಿಗಳನ್ನು ನೆಟ್ಟ ಹಾಗೆ ಮಿನುಗುತ್ತದೆ. ಕವಿಯಾದವನು ನಿಂತು ನೋಡಬೇಕಾದ ದೃಶ್ಯ ಅದು. ಆದರೆ ಎರಡು ದಿನಗಳ ಮೇಲೆ ಹೊಸ ಹಿಮ ಬಿದ್ದು ಆ ಗರಿಗಳನ್ನು ಹೂತಿತೆನ್ನಿ. ಅವು ಕರಗುವುದಿಲ್ಲ, ಮೇಲಿನ ಭಾರವನ್ನು ಹೊತ್ತು ನಿಂತೇ ಇರುತ್ತವೆ. ಕೆಲವು ಮಿಲಿಮೀಟರು ಎತ್ತರದ ಆ ಸುಂದರ ಹರಳುಗಳ ಸಾಲು ವಾರಗಳ ಕಾಲ ಹಾಗೆಯೇ ಉಳಿಯಬಲ್ಲದು. ಒಂದು ದಿನದ ಸೌಂದರ್ಯ ಮರುವಾರದ ಮೃತ್ಯುವಿಗೆ ಹಾಸಿಗೆ ಹಾಸುತ್ತದೆ.

ಮೂರನೆಯದಾಗಿ ಗಾಳಿ. ಬಿರುಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಎತ್ತಿ ಏಣು ದಾಟಿಸಿ ಇನ್ನೊಂದು ಮಗ್ಗುಲಿಗೆ ಸುರಿಯುತ್ತದೆ. ಆಕಾಶದಿಂದ ಒಂದು ಹನಿ ಬೀಳದಿದ್ದರೂ, ಗಾಳಿಯ ಮರೆಯಲ್ಲಿರುವ ಇಳಿಜಾರಿನ ಮೇಲೆ ಹಿಮಪಾತಕ್ಕಿಂತ ಅನೇಕ ಪಟ್ಟು ಬೇಗ ಭಾರ ಕೂಡುತ್ತದೆ. ಗಾಳಿ ಪುಡಿಮಾಡಿ ಒತ್ತಿ ಹಾಸಿದ ಈ ಹಿಮ ಚಪ್ಪಡಿಯಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ನಡೆದವನಿಗೆ ಒಳ್ಳೆಯ ನೆಲದ ಮೇಲೆ ನಡೆದ ಭರವಸೆ ಉಂಟಾಗುತ್ತದೆ.

ಈಗ ಮೂರನ್ನೂ ಕೂಡಿಸಿ ನೋಡಿ. ಮೇಲೆ ಗಟ್ಟಿಯಾದ ಚಪ್ಪಡಿ, ನಡುವೆ ಸಕ್ಕರೆಯಂತಹ ಅಥವಾ ಗರಿಯಂತಹ ದುರ್ಬಲ ಪದರ, ಕೆಳಗೆ ಹಳೆಯ ಹಿಮ, ಎಲ್ಲವೂ ಇಳಿಜಾರಿನಲ್ಲಿ. ಕಣದಲ್ಲಿ ಹರಡಿದ ರಾಗಿಯ ಮೇಲೆ ಕಾಲಿಟ್ಟು ಜಾರಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ: ಓರೆಯಾದ ನೆಲದ ಮೇಲೆ ರಾಗಿ ಹರಡಿ, ಅದರ ಮೇಲೆ ಕಲ್ಲುಚಪ್ಪಡಿ ಇಟ್ಟಂತೆ. ಅದು ನಿಂತಿರುವುದು ಅಂಚುಗಳ ಹಿಡಿತದಿಂದ ಮತ್ತು ಅಡಿಯಲ್ಲಿ ಉಳಿದಿರುವ ಒಂದಿಷ್ಟು ಬೆಸುಗೆಯಿಂದ. ಅಂತಹ ಕಡೆ ಒಬ್ಬ ಮನುಷ್ಯನ ಭಾರ ಬಿದ್ದರೆ ಸಾಕು, ಕಾಲಿನ ಅಡಿಯಲ್ಲಿ ದುರ್ಬಲ ಪದರ ಮುರಿಯುತ್ತದೆ. ಒಂದು ಹರಳಿನ ಕುಸಿತ ಪಕ್ಕದ ಹರಳಿಗೆ ಹಬ್ಬುತ್ತದೆ, ಬಿರುಕು ಕಣ್ಣೆವೆ ಇಕ್ಕುವಷ್ಟರಲ್ಲಿ ನೂರಾರು ಅಡಿ ಓಡುತ್ತದೆ, ಇಡೀ ಚಪ್ಪಡಿ ಗಾಜಿನಂತೆ ಒಡೆದು ಹೊರಡುತ್ತದೆ. ಒಣಹಿಮದ ಕುಸಿತ ಕೆಲವೇ ಕ್ಷಣಗಳಲ್ಲಿ ಗಂಟೆಗೆ ನೂರು ಕಿಲೋಮೀಟರುಗಳ ವೇಗವನ್ನು ಮುಟ್ಟಬಲ್ಲದು. ಮೇಲೆ ನಿಂತವನು ಅದರ ಮೇಲೆಯೇ ನಿಂತಿರುತ್ತಾನೆ, ಓಡುವುದು ಎಲ್ಲಿಗೆ?

ಕೂಗಿದರೆ ಹಿಮ ಕುಸಿಯುತ್ತದೆಂಬ ನಂಬಿಕೆ ಕಥೆಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಪ್ರಸಿದ್ಧವಾಗಿದೆ. ಅದರಲ್ಲಿ ಹುರುಳಿಲ್ಲ; ಮನುಷ್ಯಧ್ವನಿಯ ಒತ್ತಡ ಆ ಕೆಲಸಕ್ಕೆ ಸಾಲದು. ಅದೇ ರೀತಿ, ಕಡಿದಾದ ಪ್ರಪಾತವೇ ಅಪಾಯದ ಜಾಗವೆಂಬುದೂ ಸರಿಯಲ್ಲ. ಬಹಳ ಕಡಿದಾದ ಬಂಡೆಯ ಮೇಲೆ ಹಿಮ ನಿಲ್ಲುವುದೇ ಇಲ್ಲ, ಆಗಾಗ ಉದುರಿಹೋಗುತ್ತದೆ. ಚಪ್ಪಡಿಗಳು ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿಗಳ ಇಳಿಜಾರಿನಲ್ಲಿ. ನಮ್ಮ ಮನೆಗಳ ಮಹಡಿಯ ಮೆಟ್ಟಿಲುಗಳ ಓರೆ ಸುಮಾರು ಈ ಲೆಕ್ಕದ ಆರಂಭದಲ್ಲಿರುತ್ತದೆ. ಹತ್ತಲು ಸಾಧ್ಯವೆನ್ನಿಸುವ, ಸ್ಕೀ ಹಾಕಿಕೊಂಡು ಇಳಿಯಲು ಸೊಗಸೆನ್ನಿಸುವ ಇಳಿಜಾರೇ ಕೊಲ್ಲುವ ಇಳಿಜಾರೂ ಹೌದು.

ಯೂರೋಪಿನ ಆಲ್ಪ್ಸ್ ಪರ್ವತಗಳ ಜನ ಈ ವಿದ್ಯೆಯನ್ನು ಪ್ರಾಣ ತೆತ್ತು ಕಲಿತರು. ಸ್ವಿಟ್ಸರ್ಲೆಂಡಿನ ದಾವೋಸ್ ಊರಿನ ಮೇಲೆ, ವೈಸ್‌ಫ್ಲೂಯೋಖ್ ಎಂಬಲ್ಲಿ, ಎರಡೂವರೆ ಸಾವಿರ ಮೀಟರು ಎತ್ತರದಲ್ಲಿ, 1936ರಲ್ಲಿ ಕೆಲವು ಸಂಶೋಧಕರು ಹಿಮದ ಹೊದಿಕೆಯನ್ನು ಅಳೆಯಲು ಕುಳಿತರು. ಅದೇ ವರ್ಷ ಜಪಾನಿನ ಹೊಕ್ಕೈಡೊದಲ್ಲಿ ಉಕಿಚಿರೊ ನಕಾಯ ಎಂಬ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಮೊತ್ತಮೊದಲ ಕೃತಕ ಹಿಮದ ಹರಳನ್ನು ಬೆಳೆಸಿದ. ದಾವೋಸ್‌ನ ಆ ಅಳತೆ ಇಂದಿಗೂ ನಡೆಯುತ್ತಿದೆ. 1950–51ರ ಚಳಿಗಾಲದಲ್ಲಿ ಸ್ವಿಟ್ಸರ್ಲೆಂಡಿನಲ್ಲಿಯೇ ಹಿಮಕುಸಿತಕ್ಕೆ 98 ಮಂದಿ ಬಲಿಯಾದರು. 1999ರ ಫೆಬ್ರವರಿ 23ರಂದು ಆಸ್ಟ್ರಿಯದ ಗಾಲ್ಟೂರ್ ಎಂಬ ಹಳ್ಳಿಯ ಮೇಲೆ ಹಿಮ ನುಗ್ಗಿ 31 ಮಂದಿ ಸತ್ತರು. ಸುರಕ್ಷಿತವೆಂದು ನಕ್ಷೆಯಲ್ಲಿ ಗುರುತಿಸಿದ್ದ ಮನೆಗಳವರೆಗೂ ಅಂದಿನ ಹಿಮ ಬಂದಿತ್ತು.

ಇಷ್ಟೆಲ್ಲ ಕಲಿತ ಬಳಿಕ ಆ ದೇಶಗಳು ಪ್ರತಿದಿನ ಹಿಮದ ವಾರ್ತೆಯನ್ನು ಪ್ರಕಟಿಸುತ್ತವೆ. ಅಪಾಯಕ್ಕೆ ಐದು ಮೆಟ್ಟಿಲುಗಳನ್ನು ಗೊತ್ತುಮಾಡಿದ್ದಾರೆ: ಅಲ್ಪ, ಮಧ್ಯಮ, ಗಣನೀಯ, ಅಧಿಕ, ಅತ್ಯಧಿಕ. ಎಲ್ಲಕ್ಕಿಂತ ಹೆಚ್ಚು ಜನ ಸಾಯುವುದು ಯಾವ ಮೆಟ್ಟಿಲಿನಲ್ಲಿ? ಐದರಲ್ಲಿ ಎಂದು ನೀವು ಹೇಳಬಹುದು. ಅಲ್ಲ. ಸ್ವಿಸ್ ಲೆಕ್ಕದಂತೆ, ಬೆಟ್ಟದಲ್ಲಿ ಸ್ವಂತ ಇಚ್ಛೆಯಿಂದ ಸಂಚರಿಸುವವರ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಮೂರನೆಯ ಮೆಟ್ಟಿಲಾದ ‘ಗಣನೀಯ’ದಲ್ಲಿಯೇ ಸಂಭವಿಸುತ್ತವೆ. ಐದನೆಯದರಲ್ಲಿ ಪರ್ವತವೇ ಗರ್ಜಿಸುತ್ತಿರುತ್ತದೆ, ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ಮೂರನೆಯದರಲ್ಲಿ ಆಕಾಶ ನೀಲಿಯಾಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ನೆನ್ನೆ ಹೋದವರ ಹೆಜ್ಜೆಗುರುತುಗಳು ಕಾಣುತ್ತಿರುತ್ತವೆ. ಮೂರು ಎಂಬುದು ಐದರ ನಡುವಿನ ಸಂಖ್ಯೆಯಾದ್ದರಿಂದ ಮಧ್ಯಮಮಾರ್ಗವೆಂಬ ನೆಮ್ಮದಿಯೂ ಮನಸ್ಸಿಗೆ ಬರುತ್ತದೆ. ಅಂಕಿಗಳಿಗೂ ಅಲಂಕಾರದ ಶಕ್ತಿಯುಂಟು, ಅವು ಮೋಸಗೊಳಿಸಬಲ್ಲವು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಜನವಸತಿಯಿಂದ ದೂರದ ಬೆಟ್ಟಗಳಲ್ಲಿ ಹಿಮಕ್ಕೆ ಸಿಕ್ಕಿದವರ ಪೈಕಿ ಹತ್ತಕ್ಕೆ ಒಂಬತ್ತು ಪಾಲಿನವರನ್ನು ಹೂತದ್ದು ಅವರೇ, ಅಥವಾ ಅವರ ಜೊತೆಯವರೇ, ಎಬ್ಬಿಸಿದ ಕುಸಿತ. ಪರ್ವತ ಅವರನ್ನು ಹುಡುಕಿಕೊಂಡು ಬಂದು ಹೊಡೆಯಲಿಲ್ಲ. ಹಾಗಾದರೆ ಅವರೆಲ್ಲ ಅಜ್ಞರೆ? ಇಯಾನ್ ಮೆಕ್ಯಾಮನ್ ಎಂಬ ಅಮೆರಿಕದ ವಿದ್ವಾಂಸ ತನ್ನ ದೇಶದ 700ಕ್ಕೂ ಹೆಚ್ಚು ಅಪಘಾತಗಳನ್ನು ಪರಿಶೀಲಿಸಿ ನೋಡಿದ. ಸತ್ತವರಲ್ಲಿ ತರಬೇತಿ ಪಡೆದವರು ಅನೇಕರಿದ್ದರು. ಅಪಾಯದ ಚಿಹ್ನೆಗಳು ಬಹಳ ಸಲ ಕಣ್ಣೆದುರಿಗೇ ಇದ್ದುವು. ಮನಸ್ಸಿಗೆ ಹಾದಿ ತಪ್ಪಿಸಿದ್ದು ಬೇರೆಯೇ: ಪರಿಚಿತವಾದ ಜಾಗವೆಂಬ ಭರವಸೆ, ಇಷ್ಟು ದೂರ ಬಂದು ಹಿಂತಿರುಗುವುದೆಂತೆಂಬ ಹಟ, ಜೊತೆಯವರ ಮೆಚ್ಚುಗೆಯ ಆಸೆ, ಮುಂದೆ ನಡೆಯುವವನಿಗೆ ಎಲ್ಲ ತಿಳಿದಿದೆಯೆಂಬ ನಂಬಿಕೆ. ಪರಿಚಿತವಾದ ಇಳಿಜಾರಿನಲ್ಲಿ ತರಬೇತಾದವರೂ ತರಬೇತಿಯಿಲ್ಲದವರಷ್ಟೇ ಅಪಾಯಕ್ಕೆ ಒಡ್ಡಿಕೊಂಡಿದ್ದರೆಂಬುದು ಅವನು ಕಂಡುಕೊಂಡ ಕಹಿಸತ್ಯ.

ಇದನ್ನು ಓದಿದಾಗ ನಾನು ನನ್ನ ಕಸುಬನ್ನು ನೆನೆದು ನಕ್ಕೆ. ಹಸ್ತಪ್ರತಿಗಳ ಸಂಪಾದನೆಯಲ್ಲಿ ಹಲವು ವರ್ಷ ತೊಡಗಿದವನು ನಾನು. ಅಕ್ಷರ ಮಾಸಿದ ಕಡೆ, ಗರಿ ಮುರಿದ ಕಡೆ ನಾವು ತಪ್ಪುವುದು ಕಡಿಮೆ. ಅಲ್ಲಿ ನಿಂತು, ಕನ್ನಡಕ ಒರೆಸಿಕೊಂಡು, ಇತರ ಪ್ರತಿಗಳನ್ನು ತಾಳೆ ನೋಡುತ್ತೇವೆ. ತಪ್ಪುವುದು ಬಾಯಿಪಾಠವಾದ ಪದ್ಯಗಳಲ್ಲಿ. ಕಣ್ಣು ಗರಿಯ ಮೇಲಿದ್ದರೂ ಮನಸ್ಸು ತನ್ನ ನೆನಪಿನ ಪಾಠವನ್ನೇ ಓದಿಕೊಂಡು ಹೋಗುತ್ತದೆ. ನಮ್ಮ ತಪ್ಪಿಗೆ ಶುದ್ಧಿಪತ್ರ ಉಂಟು. ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳಬಹುದು. ಹಿಮದ ಮೇಲೆ ಪಾಠವನ್ನು ತಪ್ಪಾಗಿ ಓದಿದವನಿಗೆ ಎರಡನೆಯ ಮುದ್ರಣವಿಲ್ಲ.

ಅದಕ್ಕಾಗಿಯೇ ಪರ್ವತಾರೋಹಿಗಳಿಗೆ ಒಂದು ಸರಳ ಪರೀಕ್ಷೆಯನ್ನು ಕಲಿಸುತ್ತಾರೆ. ಗುಂಡಿಯ ಗೋಡೆಯಲ್ಲಿ ಒಂದು ಅಡಿ ಅಗಲದ ಹಿಮದ ಕಂಬವನ್ನು ಬಿಡಿಸಿಕೊಂಡು, ಅದರ ನೆತ್ತಿಯ ಮೇಲೆ ಸಲಿಕೆಯನ್ನಿಟ್ಟು ಕೈಯಿಂದ ತಟ್ಟುವುದು: ಮಣಿಕಟ್ಟಿನಿಂದ ಹತ್ತು ಸಲ, ಮೊಣಕೈಯಿಂದ ಹತ್ತು ಸಲ, ಭುಜದಿಂದ ಹತ್ತು ಸಲ. ಎಷ್ಟನೆಯ ತಟ್ಟಿಗೆ ಯಾವ ಆಳದಲ್ಲಿ ಕಂಬ ಕತ್ತರಿಸಿಹೋಯಿತೆಂಬುದನ್ನು ನೋಡಿ ಒಳಪದರದ ಸ್ವಭಾವವನ್ನು ಊಹಿಸುತ್ತಾರೆ. ಒಂದು ಗುಂಡಿಯ ಸಾಕ್ಷ್ಯ ಇಡೀ ಬೆಟ್ಟಕ್ಕೆ ಸಲ್ಲದೆಂಬ ಎಚ್ಚರವನ್ನೂ ಕಲಿಸುತ್ತಾರೆ. ಹತ್ತು ಮಾರು ಆಚೆಗೆ ಪದರ ಬೇರೆಯಾಗಿರಬಹುದು. ನಡೆಯುವಾಗ ಕಾಲಡಿಯಲ್ಲಿ ಏನೋ ಕುಸಿದಂತೆ ಅಡಗಿದ ‘ಹುಂ’ ಎಂಬ ಸದ್ದಾದರೆ, ಹಿಮದಲ್ಲಿ ಬಿರುಕು ಮುಂದಕ್ಕೆ ಹರಿದರೆ, ಪಕ್ಕದ ಬೆಟ್ಟದಲ್ಲಿ ಹೊಸ ಕುಸಿತ ಕಂಡರೆ, ಇನ್ನಾವ ಪರೀಕ್ಷೆಯೂ ಬೇಕಿಲ್ಲ. ಅದು ಬೆಟ್ಟವೇ ಆಡಿದ ಮಾತು, ಹಿಂತಿರುಗಬೇಕು.

ಹಿಂತಿರುಗದೆ ಸಿಕ್ಕಿಕೊಂಡರೆ ಉಳಿಯುವ ಕಾಲ ಎಷ್ಟು? ಸ್ವಿಟ್ಸರ್ಲೆಂಡಿನಲ್ಲಿ 1981ರಿಂದ 2020ರವರೆಗೆ ನಡೆದ ಅಪಘಾತಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಹಿಮದಡಿ ಪೂರ್ತಿ ಹೂತವರನ್ನು ಹತ್ತು ನಿಮಿಷಗಳೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಹತ್ತರಲ್ಲಿ ಮೂವರು. ಅವರನ್ನು ಕೊಲ್ಲುವುದು ಬಹುಮಟ್ಟಿಗೆ ಚಳಿಯಲ್ಲ, ಉಸಿರಿನ ಕೊರತೆ. ನಿಂತ ಮೇಲೆ ಹಿಮ ಗಾರೆಯಂತೆ ಗಟ್ಟಿಯಾಗುತ್ತದೆ; ಹೂತವನು ಬೆರಳನ್ನೂ ಅಲ್ಲಾಡಿಸಲಾರ. ಆದ್ದರಿಂದ ಕೆಳಗಿನ ಊರಿನಿಂದ ಬರುವ ನೆರವು ಎಷ್ಟೇ ಶೀಘ್ರವಾಗಿ ಬಂದರೂ ತಡವೇ. ಉಳಿಸಬಲ್ಲವನು ಜೊತೆಗಾರ ಮಾತ್ರ. ಅವನ ಎದೆಗೆ ಕಟ್ಟಿದ, ಹೂತವನ ಸಂಕೇತವನ್ನು ಹಿಡಿಯುವ ಪುಟ್ಟ ಯಂತ್ರ, ಉದ್ದನೆಯ ಚುಚ್ಚುಗೋಲು, ಒಂದು ಸಲಿಕೆ, ಇವಿಷ್ಟೆ ಸಂಜೀವಿನಿ. ಹನುಮಂತಪ್ಪ ಆರು ದಿನ ಬದುಕಿದ್ದು ಡೇರೆಯೊಳಗೆ ಉಳಿದ ಗಾಳಿಯ ಎಡೆಯಿಂದ ಎಂದು ಆಗ ವರದಿಯಾಯಿತು. ಅದು ನಿಯಮವಲ್ಲ, ಪವಾಡ. ಪವಾಡವನ್ನು ನೆಚ್ಚಿ ವ್ಯವಸ್ಥೆ ಕಟ್ಟಲಾಗದು.

ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ರಕ್ಷಣಾ ಸಂಶೋಧನೆಯ ಅಂಗವಾಗಿ 1969ರಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕೆಂದೇ ಒಂದು ಸಂಸ್ಥೆ ಹುಟ್ಟಿ, ಮನಾಲಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿತು. 2020ರಲ್ಲಿ ಅದು ಇನ್ನೊಂದು ಸಂಸ್ಥೆಯೊಡನೆ ಸೇರಿ ಹೊಸ ಹೆಸರು ಪಡೆದು, ಈಗ ಚಂಡೀಗಢದಿಂದ ಎಚ್ಚರಿಕೆಗಳನ್ನು ಹೊರಡಿಸುತ್ತದೆ. ಹಿಮಾಚಲ ಪ್ರದೇಶದ ಇಳಿಜಾರುಗಳಲ್ಲಿ ಹಿಂದೆ ಹಿಮದ ಪೆಟ್ಟು ತಿಂದ ಮರಗಳ ವಾರ್ಷಿಕ ಉಂಗುರಗಳಲ್ಲಿ ಆ ಗಾಯಗಳ ಗುರುತನ್ನು ಓದಿ ವಿಜ್ಞಾನಿಗಳು 2018ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹವೆ ಬಿಸಿಯಾದಂತೆ ಅಲ್ಲಿ ಕುಸಿತಗಳು ಹೆಚ್ಚಿವೆಯೆಂಬುದು ಅದರ ಸಾರ. ಹಿಮ ಕರಗಿ ಹೋದರೂ ಮರ ತನ್ನ ಶಾಸನವನ್ನು ಕಾಪಾಡಿಕೊಂಡಿತ್ತು.

ಆದರೂ ಸಾವುಗಳು ನಿಂತಿಲ್ಲ. 2010ರ ಫೆಬ್ರವರಿ 8ರಂದು ಗುಲ್‌ಮರ್ಗದ ಬಳಿಯ ಖಿಲನ್‌ಮರ್ಗದಲ್ಲಿ ಎತ್ತರದ ಯುದ್ಧವಿದ್ಯೆ ಕಲಿಯುತ್ತಿದ್ದ 17 ಸೈನಿಕರು ಮಡಿದರು. 2022ರ ಅಕ್ಟೋಬರ್ 4ರಂದು ಉತ್ತರಕಾಶಿ ಜಿಲ್ಲೆಯ ‘ದ್ರೌಪದೀ ಕಾ ದಂಡಾ’ ಶಿಖರದ ಮೇಲ್ಭಾಗದಲ್ಲಿ, ಪರ್ವತಾರೋಹಣದ ಮೇಲ್ತರಗತಿಯ ವಿದ್ಯಾರ್ಥಿಗಳೂ ಬೋಧಕರೂ ಸೇರಿ 29 ಮಂದಿ ಹೋದರು. ಕರ್ನಾಟಕದ ತರುಣರೂ ಅವರಲ್ಲಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಶಿಖರಗಳೆರಡನ್ನೂ ಏರಿದ್ದ ಸವಿತಾ ಕಂಸ್ವಾಲ್ ಎಂಬ ಬೋಧಕಿಯೂ ಇದ್ದರು. ಹೆಸರೊಂದು ಮನಸ್ಸನ್ನು ಕಲಕುತ್ತದೆ. ಮಹಾಪ್ರಸ್ಥಾನದಲ್ಲಿ ಹಿಮಾಲಯದ ಹಾದಿಯಲ್ಲಿ ಮೊದಲು ಬಿದ್ದವಳು ದ್ರೌಪದಿ. ಬಿದ್ದದ್ದೇಕೆಂದು ಭೀಮ ಕೇಳುತ್ತಾನೆ, ಯುಧಿಷ್ಠಿರ ಕಾರಣ ಹೇಳಿ ಮುಂದೆ ನಡೆಯುತ್ತಾನೆ. ನಾವೂ ಅನೇಕ ಸಲ ಹೀಗೆಯೇ ಬಿದ್ದವರ ದೋಷವನ್ನು ಹೇಳಿ ಮುಂದೆ ನಡೆದುಬಿಡುತ್ತೇವೆ.

2025ರ ಫೆಬ್ರವರಿ 28ರಂದು ಬದರೀನಾಥದ ಆಚೆಯ ಮಾಣಾ ಗ್ರಾಮದ ಹತ್ತಿರ, ಗಡಿರಸ್ತೆಯ ಕೆಲಸಕ್ಕೆಂದು ಬಂದು ಕಬ್ಬಿಣದ ಪೆಟ್ಟಿಗೆಮನೆಗಳಲ್ಲಿದ್ದ 54 ಮಂದಿ ಕೂಲಿಕಾರರ ಮೇಲೆ ಹಿಮ ಕುಸಿಯಿತು. 46 ಮಂದಿಯನ್ನು ಉಳಿಸಿದರು, ಎಂಟು ಮಂದಿ ಸತ್ತರು. ಆ ಜಿಲ್ಲೆಗೆ ಹಿಂದಿನ ಸಂಜೆಯೇ ಎಚ್ಚರಿಕೆ ಪ್ರಕಟವಾಗಿತ್ತೆಂದು ಪತ್ರಿಕೆಗಳು ಬರೆದವು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಹಿಮದ ಪಾಠವನ್ನು ಓದಬಲ್ಲವರು ಓದಿದ್ದರು, ಬರೆದೂ ಇಟ್ಟಿದ್ದರು. ಆದರೆ ಬರೆದವರಿಗೂ ಆ ಪೆಟ್ಟಿಗೆಮನೆಯಲ್ಲಿದ್ದವರಿಗೂ ನಡುವೆ ಯಾವುದೋ ಒಂದು ಪದರ ದುರ್ಬಲವಾಗಿತ್ತು.

ಹಿಮದ ಮೇಲೆ ಕಾಲಿಡುವವರು ಮೂರು ಬಗೆ. ಸೊಗಸಿಗಾಗಿ, ಸಾಹಸಕ್ಕಾಗಿ ಹೋಗುವವನು ಒಬ್ಬ. ಅವನಿಗೆ ಹಿಂತಿರುಗುವ ಸ್ವಾತಂತ್ರ್ಯವಿದೆ, ಅವನು ಕಲಿಯಬೇಕಾದದ್ದು ವಿನಯ. ಆಜ್ಞೆಯಂತೆ ನಿಲ್ಲುವ ಸೈನಿಕ ಇನ್ನೊಬ್ಬ. ಕೂಲಿಗಾಗಿ ಬಂದ ಕಾರ್ಮಿಕ ಮತ್ತೊಬ್ಬ. ಇವರಿಬ್ಬರಿಗೂ ಹಿಂತಿರುಗುವ ಸ್ವಾತಂತ್ರ್ಯವಿಲ್ಲ. ಅವರ ಪಾಲಿನ ವಿನಯವನ್ನು ಅವರನ್ನು ಅಲ್ಲಿಗೆ ಕಳುಹಿಸಿದವರು ಕಲಿಯಬೇಕು, ಎಂದರೆ ನಾವು. ಡೇರೆಯನ್ನು ಎಲ್ಲಿ ಹೂಡಬೇಕು, ಯಾವ ದಿನ ಕೆಲಸ ನಿಲ್ಲಿಸಬೇಕು, ಎಚ್ಚರಿಕೆಯ ಮಾತು ಯಾರ ಕಿವಿಗೆ ಯಾವ ಭಾಷೆಯಲ್ಲಿ ಮುಟ್ಟಬೇಕು ಎಂಬುದೆಲ್ಲ ಪ್ರಾರ್ಥನೆಯ ವಿಷಯವಲ್ಲ, ವ್ಯವಸ್ಥೆಯ ವಿಷಯ. ಹನುಮಂತಪ್ಪನಿಗಾಗಿ ಮೂರು ದಿನ ಪ್ರಾರ್ಥಿಸಿದ ನಾವು, ಆ ಮೂರು ದಿನದ ಕಾಳಜಿಯಲ್ಲಿ ಒಂದು ಪಾಲನ್ನಾದರೂ ಚಳಿಗಾಲ ಬರುವುದಕ್ಕೆ ಮೊದಲೇ ತೋರಿಸಬೇಡವೆ?

ಹಿಮವು ಬಿದ್ದದ್ದನ್ನು ಮರೆಯುವುದಿಲ್ಲ. ನವೆಂಬರಿನ ಒಂದು ರಾತ್ರಿಯ ಚಳಿಯನ್ನು ಫೆಬ್ರವರಿಯವರೆಗೆ ಒಳಗಿಟ್ಟುಕೊಂಡಿರುತ್ತದೆ. ಮರೆಯುವವರು ನಾವು, ಮೇಲೆ ಹೊಸದಾಗಿ ಬಿದ್ದ ಬಿಳುಪನ್ನು ನೋಡಿ ಎಲ್ಲವೂ ಸರಿಯಾಗಿದೆಯೆಂದು ನಂಬುವವರು. ಈ ಚಳಿಗಾಲದಲ್ಲಿ ನಿಮ್ಮ ಮನೆಯ ಮುಂದಿನ ಹುಲ್ಲಿನ ಮೇಲೆ ಇಬ್ಬನಿ ಮಿನುಗುವುದನ್ನು ಕಂಡಾಗ, ಅದೇ ಹೊತ್ತಿನಲ್ಲಿ ಬಹು ಎತ್ತರದ ಇಳಿಜಾರೊಂದರ ಮೇಲೆ ಮೂಡುತ್ತಿರುವ ಹರಳಿನ ಗರಿಗಳನ್ನೂ, ಅವುಗಳ ಕೆಳಗೆ ಡೇರೆ ಹೂಡಿ ಕಾಯುತ್ತಿರುವ ಯಾರದೋ ಮಗನನ್ನೂ ಒಮ್ಮೆ ನೆನೆಯಿರಿ ಎಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.